ಕ್ಯಾಪ್ಟನ್ ಎಂಬ ನಾಯಿಯನ್ನು ಕಾನಿನಲ್ಲಿ ಬಿಟ್ಟು ಬಂದ ಬಗ್ಗೆ

ಸದಾಶಿವಪ್ಪ ಬಿನ್ ಉಜ್ಜಪ್ಪ, ವಯಸ್ಸು 18, ಇಂಟರ್‌ಮೀಡಿಯೆಟ್ ಮೊದಲ ವರ್ಷದ ವಿದ್ಯಾರ್ಥಿ, ವಾಸ ಶಿವಮೊಗ್ಗೆಯ ಹಾಸ್ಟೆಲ್, ಖಾಯಂ ವಿಳಾಸ ಶಿಕಾರಿಪುರ ಟೌನ್. ಈ ದಿನ ಬೆಳಿಗ್ಗೆ 8-15ಕ್ಕೆ ಸೊರಬ ಠಾಣೆಗೆ ಹಾಜರಾಗಿ ನನ್ನ ಕೈಯಿಂದಲೇ ಬರೆದು ತಿಳಿಸುವುದೇನೆಂದರೆ:

ನನಗೆ ಜೋಗ ತೋರಿಸುವುದಾಗಿ ನನ್ನ ಸೋದರಮಾವ ವೀರಬಸಪ್ಪನವರು ನಾಲ್ಕು ವರ್ಷದ ಹಿಂದೆ ಪ್ರಾಮಿಸ್ ಮಾಡಿದ್ದರು. ಪ್ರತಿ ರಜೆಯಲ್ಲೂ ಮುಂದಕ್ಕೆ ಹೋಯಿತು. ನನ್ನ ನಾಯಿಯನ್ನೂ ಕರೆದೊಯ್ಯಬೇಕೆಂದು ನಾನು ಕಂಡೀಷನ್ ಹಾಕಿದ್ದೆ. ಹಾಸ್ಟೆಲಿನಿಂದ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದುದು ಅದೊಂದೇ.

17-4-58ರಂದು ಬೆಳಿಗ್ಗೆ 6-10ಕ್ಕೆ ಮಾವನ ಹಳೇ ಮಿಲಿಟರಿ ಜೀಪಿನಲ್ಲಿ ಶಿಕಾರಿಪುರ ಬಿಟ್ಟೆವು. ಇಪ್ಪತ್ತೈದು ಮೈಲಿ ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟಿತ್ತು. ಸೊರಬದಲ್ಲಿ ರೇಡಿಯೇಟರ್ ಒಡೆಯಿತು. ರಿಪೇರಿಗೆ ಮಾರನೇ ಸಂಜೆಯಾಗುತ್ತದೆಂದು ಮೆಕ್ಯಾನಿಕ್ ಹೇಳಿದ. ಮಾವ ಬಸ್ಸಿನಲ್ಲಿ ಹೋಗೋಣವೆಂದರು. ಕಂಡಕ್ಟರ್ ನಾಯಿಯನ್ನು ಒಳಗೂ ಬಿಡಲಿಲ್ಲ, ಟಾಪ್ ಮೇಲೂ ಬಿಡಲಿಲ್ಲ.

ಎದುರಿಗೆ ಚಹಾದಂಗಡಿ ಇಟ್ಟಿರುವ ಹೂವಪ್ಪ ಎಂಬಾತ ತಾನು ನೋಡಿಕೊಳ್ಳುವುದಾಗಿ ಹೇಳಿದ. ನಾಯಿ ಬರೀ ಬೊಗಳುತ್ತದೋ ಹಿಡಿಯುತ್ತದೋ ಎಂದು ಕೇಳಿದ. ಒಮ್ಮೆ ನರಿಯನ್ನು ಹಿಡಿದಿತ್ತೆಂದು ನಾನು ಜಂಬದಿಂದ ಹೇಳಿದೆ. ಹೇಳಬಾರದಿತ್ತು. ನಂತರ ಹಗ್ಗವನ್ನು ಕಂಬಕ್ಕೆ ಕಟ್ಟದೆ ಅವನ ಕೈಗೇ ಕೊಟ್ಟೆ. ಆಗ ಸಮಯ 9-20.

ಜೋಗದಲ್ಲಿ ನಾಲ್ಕು ಧಾರೆಗಳಲ್ಲಿ ಎರಡು ಮಾತ್ರ ಇದ್ದವು. ನಲವತ್ತು ನಿಮಿಷ ನೋಡಿದೆ. ರಾತ್ರಿ ಅಲ್ಲೇ ತಂಗಿ, 18ರಂದು ಸಂಜೆ 5-30ಕ್ಕೆ ಸೊರಬದಲ್ಲಿ ಇಳಿದು ನೇರ ಅಂಗಡಿಗೆ ಹೋದೆ. ನಾಯಿ ಇರಲಿಲ್ಲ. ಹೂವಪ್ಪ ಒಳಗಿನಿಂದ ಮುತ್ತುಗದ ಎಲೆಯ ಪೊಟ್ಟಣ ತಂದು ನನ್ನ ಮುಂದಿಟ್ಟು, ನಿಮ್ಮ ನಾಯಿಯ ಪಾಲು, ತೊಡೆ ಕಡೆಯದೇ ತೆಗೆದಿಟ್ಟಿದ್ದೇನೆ ಎಂದ. ಅದು ಕಾಡುಹಂದಿ ಮಾಂಸ, ಬೇಟೆಯಲ್ಲಿ ನಾಯಿಯ ಪಾಲು ಅದರ ಒಡೆಯನಿಗಂತೆ. ನಾವು ಲಿಂಗಾಯತರು. ಅವನ ಹೆಂಡತಿ ಗುಡ್ಡಮ್ಮ, ಅಯ್ಯ, ಅವರು ಮುಟ್ಟೋ ಜನ ಅಲ್ಲ ಕಣ್ರಿ, ಒಳಗಿಡಿ ಎಂದು ನಕ್ಕಳು.

18ರ ಬೆಳಿಗ್ಗೆ ಹೂವಪ್ಪ ಮತ್ತು ಆರು ಜನ ಕ್ಯಾಸನೂರು ಕಡೆಯ ಕಾನಿಗೆ, ಅಂದರೆ ದಟ್ಟ ಕಾಡಿಗೆ, ನನ್ನ ನಾಯಿಯನ್ನು ಬೇಟೆಗೆ ಒಯ್ದಿದ್ದರು. ಯಾರ ಪರ್ಮಿಷನ್ ಮೇಲೆ ಎಂದು ಕೇಳಿದೆ. ಅದಕ್ಕೆ ಅವನು ಸ್ವಲ್ಪವೂ ಹೆದರದೆ, "ಹಗ್ಗ ಕೈಗೆ ಕೊಟ್ರಲ್ಲ ತಮ್ಮಾ. ಬ್ಯಾಟೆ ಕಾಲದಾಗೆ ಹಗ್ಗ ಕೈಗೆ ಕೊಟ್ರೆ ನಾಯಿ ಬ್ಯಾಟೆಗೆ ಕೊಟ್ಟಂಗೆ. ಬ್ಯಾಡ ಅನ್ನೋರು ಕಂಬಕ್ಕೆ ಕಟ್ತಾರೆ" ಎಂದ. ಕಾಲೇಜಿನಲ್ಲಿ ಇದನ್ನೂ ಕಲಿಸಲ್ಲವಾ ಎಂದು ಬೆಂಚಿನ ಮೇಲಿದ್ದವರೊಬ್ಬರು ಕೇಳಿದರು. ನಾನು ಅವರ ಹೆಸರು ವಿಚಾರಿಸಲಿಲ್ಲ.

ಹಂದಿಯ ಹಿಂಗಾಲನ್ನು ನನ್ನ ನಾಯಿ ಹಿಡಿದು ನಿಲ್ಲಿಸಿದ್ದರಿಂದಲೇ ಕೋವಿಗೆ ಸಿಕ್ಕಿತೆಂದು ಹೂವಪ್ಪ ಹೊಗಳಿದ. ಹಂದಿ ನಾಯಿಯ ತೊಡೆಯನ್ನು ಸೀಳಿತ್ತು. ವಾಪಸು ಬರುವಾಗ ದಾರಿಯಲ್ಲಿ ಮೂರು ಮಂಗ ಸತ್ತು ಬಿದ್ದಿದ್ದವು. ಮಂಗನ ಕಾಯಿಲೆಗೆ ಹೆದರಿ ಎಲ್ಲರೂ ಓಡಿ ಬಂದರಂತೆ. ಹಂದಿಯನ್ನು ಮಾತ್ರ ಬಿಡದೆ ನಾಲ್ಕು ಜನ ಹೊತ್ತು ತಂದಿದ್ದಾರೆ. ನಾಯಿಯನ್ನು ಹೊರಲು ಒಬ್ಬರಿಗೂ ಹೆಗಲಿರಲಿಲ್ಲ. ಕೆರೆ ಏರಿಯ ಮತ್ತಿ ಮರದ ಬುಡದಲ್ಲಿ ಬಿಟ್ಟಾಗ ಅದು ತಲೆಯೆತ್ತಿ ನೋಡುತ್ತಿತ್ತೆಂದು ಹೂವಪ್ಪನೇ ಒಪ್ಪಿದ್ದಾನೆ.

ಜಾಗ ತೋರಿಸೆಂದು ಕೇಳಿದೆ. ಆ ಕಾನಿಗೆ ಇನ್ನು ಕಾಲಿಡುವುದಿಲ್ಲ ಎಂದ. ಬೇಟೆಗೆ ಹೋಗುವಾಗ ಆ ಕಾಲು ಯಾರದಾಗಿತ್ತು ಎಂದು ಕೇಳಿದೆ. ಮಾವ ನನ್ನ ರಟ್ಟೆ ಹಿಡಿದು, ಬೇರೆ ಮರಿ ತರೋಣ ಬಿಡು ಎಂದರು. ಅವರೊಂದಿಗೆ ಆಗಿನಿಂದ ಮಾತಾಡಿಲ್ಲ.

ನಾಯಿಯ ಜಾತಿ ಯಾವುದೆಂದು ಈ ದಿನ ಠಾಣೆಯಲ್ಲಿ ಕೇಳಲಾಯಿತು. ನಾಟಿ, ಗಂಡು, ಕಂದು ಬಣ್ಣ, ಎಡಗಿವಿ ಹರಿದಿದೆ. ಕ್ಯಾಪ್ಟನ್ ಎಂದು ಬೇರೆಯವರು ಕೂಗಿದರೆ ಬರುವುದಿಲ್ಲ. ಎರಡು ಸಲ ಸಿಳ್ಳೆ ಹಾಕಬೇಕು.

ನನಗೆ ಪರಿಹಾರ ಬೇಡ, ರಾಜಿಯೂ ಬೇಡ. ಹೂವಪ್ಪನನ್ನು ಈಗಲೇ ಕರೆಸಿ ಕೆರೆ ಏರಿಯವರೆಗೆ ದಾರಿ ತೋರಿಸುವಂತೆ ಮಾಡಬೇಕು. ಅವನು ದೂರ ನಿಂತರೆ ಸಾಕು. ಕಾಯಿಲೆಗೆ ನನಗೂ ಭಯವಿದೆ, ಸುಳ್ಳು ಹೇಳುವುದಿಲ್ಲ. ಆದರೂ ಹೊರುವವನು ನಾನು. ಅವನ ಅಂಗಡಿಯಿಂದ ನಾನು ತಂದು ಹಾಜರುಪಡಿಸಿರುವ ಹಗ್ಗವನ್ನು ಪುರಾವೆಯೆಂದು ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಬರುವಾಗ ಕಟ್ಟಲು ನನಗೆ ಅದು ಬೇಕು.

ಬರೆದಿದ್ದನ್ನು ಎರಡು ಸಲ ಓದಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ನನ್ನ ತಪ್ಪನ್ನೂ ಬಿಟ್ಟಿಲ್ಲ.

ಸ್ಥಳ: ಸೊರಬ
ತಾರೀಖು: 19-4-58, ಬೆಳಿಗ್ಗೆ 9-05
(ಸಹಿ) ಯು. ಸದಾಶಿವಪ್ಪ