ಹೋಗಿ ಬಂದಳಂತೆ

ಕೆಸರೆಗೆ ಹೋಗುವ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೆ ಕೂಸು ನಿದ್ದೆ ಹೋಗಿತ್ತು. ಯೂನಿಫಾರ್ಮಿನಲ್ಲಿದ್ದ ದೊಡ್ಡ ಮಗಳು ಕಿಟಕಿಗೆ ಅಂಟಿಕೊಂಡಿದ್ದಳು.

“ಇವಳ ಮಿಸ್ ಕರೆಸಿದ್ರು ಕಣ್ರೀ. ಕೆನಡಾಗೆ ಹೋಗಿ ಬಂದ್ಬುಟ್ಟೆ ಅಂತ ಕ್ಲಾಸಲ್ಲೆಲ್ಲ ಹೇಳಿದಾಳಂತೆ.”

“ಸುಳ್ಳು ಯಾಕೆ?”

“ಇನ್ನೇನು ಹೇಳ್ತಾಳೆ? ಚಾಕೊಲೇಟ್ ಹಂಚಿ, ಟಾಟಾ ಮಾಡಿ ಬಂದವಳನ್ನ ಎರಡು ತಿಂಗಳಾದ್ಮೇಲೆ ಅದೇ ಬೆಂಚಲ್ಲಿ ಕೂರಿಸಿದ್ದೀವಿ.”

“ವೀಸಾ ಬರದಿದ್ರೆ ನಾನೇನ್ ಮಾಡ್ಲಿ ಶಾಲಿನಿ? ಮುಂದಿನ ತಿಂಗಳು ಅಂದವ್ರೆ.”

“ಹೋದ ತಿಂಗಳೂ ಅಂಗೇ ಅಂದ್ರು. ಹೋಳಿಗೆ ಊಟ ಹಾಕಿ ಕಳಿಸಿದ ನಿಮ್ಮಕ್ಕ, ಸಿಕ್ಕಾಗೆಲ್ಲ ‘ಇನ್ನೂ ಹೊರಡಲಿಲ್ವಾ’ ಅಂತಾರೆ. ಸಾಕು, ಆ ಕೆನಡಾ ಕೆಲಸ ಬೇಡ ಅಂತ ಬರೆದು ಹಾಕ್ಬುಡಿ.”

“ಇದ್ದ ಕೆಲಸಾನೂ ಬಿಟ್ಟಾಗಿದೆ ಕಣೇ. ಬೇಡ ಅಂದ್ರೆ ಇಲ್ಲೇನಿದೆ?”

ಗಂಡ ಮಗಳ ಕಡೆ ತಿರುಗಿದ.

“ಎಂಗಿತ್ತಮ್ಮ ಕೆನಡಾ?”

“ತುಂಬಾ ಚಳಿ. ಪಾಪುಗೆ ಶೀತ ಆಯ್ತು, ಅದಕ್ಕೇ ಬಂದ್ಬುಟ್ವಿ ಅಂದೆ.”

ಬಸ್ಸು ನಿಧಾನವಾಯಿತು.

“ಇಲ್ಲೇ ಇಳಿಯೋಣ,” ಅಂದಳು ಹೆಂಡತಿ. “ಮುಂದಿನ ಸ್ಟಾಪಲ್ಲಿ ನಿಮ್ಮಕ್ಕ ಹೂ ತಗೋತಾ ನಿಂತಿರ್ತಾರೆ.”

“ಅಮ್ಮ, ನಾಳೆ ಮಿಸ್‌ಗೆ ಏನು ಹೇಳ್ಲಿ?”

ತಾಯಿ ಅವಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

“ಹೋಗಿದ್ವಿ ಅಂತಾನೇ ಹೇಳು. ಇಳಿ.”