ಖಾಯಂ ಹಲ್ಲು

ದಂತವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ, ನಮ್ಮ ಪೊಪ್ರಾಡ್ ಊರಿನ ಐಸ್ ಹಾಕಿ ತಂಡ ಈಚೆಗೆ ಕೈಬಿಟ್ಟ ಆಟಗಾರ ವೆಂಡೆಲಿನ್ ಹೆಂಡತಿಯೊಡನೆ ಕುಳಿತಿದ್ದ. ಅವನ ಮುಂದಿನ ಮೂರು ಹಲ್ಲಿರಲಿಲ್ಲ.

“ಈ ಸಲ ಖಾಯಂ ಹಲ್ಲು ಕೂರಿಸ್ಕೋ. ಆಟ ಬಿಟ್ಟವರೆಲ್ಲ ಹಾಗೇ ಮಾಡೋದು,” ಎಂದಳು ಹೆಂಡತಿ.

“ನಾನೆಲ್ಲಿ ಬಿಟ್ಟೆ, ಲ್ಯುಬಿತ್ಸಾ?”

“ಹನ್ನೊಂದು ತಂಡ ಆಯ್ತು. ಬಿಡೋ ಶ್ರಮ ನಿಂಗ್ಯಾಕೆ, ಅವರೇ ಬಿಡಿಸ್ತಾರಲ್ಲ ಪುಣ್ಯಾತ್ಮ!”

“ಪೋಲೆಂಡಿನವರು ಕರೆದಿದ್ದಾರೆ. ಒಂದೇ ವರ್ಷ.”

“ಇಲ್ಲಿಗೆ ಬರುವಾಗ್ಲೂ ಒಂದೇ ವರ್ಷ ಅಂದಿದ್ದೆ. ಆ ಮಾತು ಮಾತ್ರ ಉಳಿಸ್ಕೊಂಡೆ.”

“ನೀನು ಬೇಡ ಅಂದ್ರೆ ಹೋಗಲ್ಲ.”

ಅವಳು ಅವನ ಮಫ್ಲರ್ ಸರಿಮಾಡಿದಳು.

ನರ್ಸ್ ಬಾಗಿಲು ತೆರೆದಳು. “ಖಾಯಂ ಹಲ್ಲೋ, ಆಡುವಾಗ ತೆಗೆದಿಡೋದೋ?”

ಅವನು ಹೆಂಡತಿಯ ಮುಖ ನೋಡಿದ.

“ತೆಗೆದಿಡೋದೇ ಕೊಡಿ,” ಎಂದಳು ಲ್ಯುಬಿತ್ಸಾ. “ಹೇಗೂ ಬಂದಾಗಿನ ಪೆಟ್ಟಿಗೆಗಳನ್ನೇ ನಾನಿನ್ನೂ ಬಿಚ್ಚಿಲ್ಲ.”

ಅವನ ಕೋಟನ್ನು ತೋಳಿಗೆ ಹಾಕಿಕೊಂಡು ಅವಳೂ ಒಳಗೆ ಹೋದಳು.