ತರ್ಮಿನಾ ಅವರ ಹೆಸರು ಬರೆದ ದಿನ

ನಮ್ಮ ಪೆಕಾಲೊಂಗನ್ ಊರಿನ ಬಾಟಿಕ್ ಉದ್ದಿಮೆದಾರರ ಸಂಘದ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿದ್ದರೂ ಈ ಸಭಾಂಗಣದ ಹಿಂಬಾಗಿಲು ತೆರೆದಿದೆಯೇ ಎಂದು ಆಗಲೇ ಎರಡು ಸಲ ತಿರುಗಿ ನೋಡಿರುವ ಕಾರ್ಮಿಕ ತನಿಖಾಧಿಕಾರಿ ವಿರ್ಯೊನೊ ಅವರೇ, ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕುಳಿತಿರುವ ಹೊಸ ಮಾಲೀಕರೇ, ಹಿಂದಿನ ಸಾಲಿನಲ್ಲಿ ಊಟದ ಪೊಟ್ಟಣಕ್ಕೆ ಕಾಯುತ್ತಿರುವ ಹಳೆಯ ಮಾಲೀಕರೇ, ಸಭಿಕರೇ, ನಿಮಗೆಲ್ಲ ಈ ಮುಸ್ಲಿಹಾಳ ಸಲಾಂ.

ಹೊಸದಾಗಿ ಕೆಲಸಗಾರರನ್ನು ಇಟ್ಟುಕೊಳ್ಳುವವರು ತಿಳಿದಿರಬೇಕಾದ ಕಾನೂನುಗಳ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದಿದ್ದಾರೆ. ನನ್ನ ಮಗಳು ಪಟ್ಟಿ ಮಾಡಿಕೊಟ್ಟಿದ್ದಾಳೆ. ಪರವಾನಗಿ ಪಡೆಯಿರಿ, ನೇಮಕಾತಿಯನ್ನು ಬರವಣಿಗೆಯಲ್ಲಿ ಕೊಡಿ, ಮೊದಲ ದಿನವೇ ಕಾರ್ಮಿಕ ವಿಮೆಗೆ ಸೇರಿಸಿ, ರಜೆ ಕೊಡಿ, ಹಿಂಬಾಗಿಲಿಗೆ ಬೀಗ ಹಾಕಬೇಡಿ. ಎಲ್ಲವೂ ಸರಿಯೇ. ಆದರೆ ಪಟ್ಟಿ ಓದಿದರೆ ಯಾರಿಗೆ ನೆನಪಿರುತ್ತದೆ? ‘ಮೊದಲ ದಿನವೇ’ ಎಂಬ ಎರಡು ಪದ ನನಗೆ ಹೇಗೆ ಅರ್ಥವಾಯಿತು ಎಂಬುದನ್ನಷ್ಟೇ ಹೇಳಿ ಕುಳಿತುಕೊಳ್ಳುತ್ತೇನೆ.

ಮೂವತ್ತೊಂದು ವರ್ಷಗಳ ಹಿಂದಿನ ಮಾತು. ನಮ್ಮ ತಂದೆ ಹಾಜಿ ಝೈನೂರಿಯವರ ಬಾಟಿಕ್ ಮನೆಯನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಮೇಣ ಕರಗಿಸುವ ಐದು ಒಲೆಗಳು, ಸುತ್ತ ಹತ್ತೊಂಬತ್ತು ಹೆಂಗಸರು. ರೇಡಿಯೊ ಹಾಡು ಒಂದು, ಅದರ ಮೇಲೆ ಇವರ ಹಾಡು ಇನ್ನೊಂದು. ಮಧ್ಯಾಹ್ನ ಎಳೆ ಹಲಸಿನ ಮೆಗೊನೊ ಪಲ್ಯ ಬೆರೆಸಿದ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ತರುತ್ತಿದ್ದರು. ನಾನು ಮಾಲೀಕರ ಮಗಳಾದರೂ ಹತ್ತೊಂಬತ್ತು ಎಲೆಗಳಿಂದಲೂ ಒಂದೊಂದು ತುತ್ತು ನನಗೆ. ಆ ರುಚಿ ಈಗ ಯಾವ ಹೋಟೆಲಿನಲ್ಲಿ ಸಿಗುತ್ತದೆ, ಹೇಳಿ?

ಆ ಹತ್ತೊಂಬತ್ತು ಜನರಲ್ಲಿ ಹಿರಿಯರು ತರ್ಮಿನಾ. ಇಪ್ಪತ್ತೆರಡು ವರ್ಷಗಳಿಂದ ನಮ್ಮಲ್ಲಿದ್ದರು. ಅವರು ಮೇಣದಲ್ಲಿ ಬರೆದ ಹಕ್ಕಿ ಬಟ್ಟೆಯ ಮೇಲೆ ಕೂರುತ್ತಿರಲಿಲ್ಲ, ಈಗಲೋ ಆಗಲೋ ಹಾರುವಂತಿರುತ್ತಿತ್ತು. ಮೇಣದ ಲೇಖನಿ ಹಿಡಿಯಲು ನನಗೆ ಕಲಿಸಿದವರು ಅವರೇ. ತಪ್ಪಿದರೆ ಬೆರಳಿಗೆ ಏಟು. ಅಂಥವರ ಹೆಸರು ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ. ಅಪ್ಪ ಹೇಳುತ್ತಿದ್ದರು, “ಇದು ಮನೆ ಕಣಮ್ಮ. ಮನೆಯವರಿಗೆ ಯಾರಾದ್ರೂ ಪತ್ರ ಬರೆದುಕೊಡ್ತಾರಾ?”

ಒಂದು ಬೆಳಗ್ಗೆ ಬಂದರು ನೋಡಿ, ಈ ವಿರ್ಯೊನೊ ಅವರು. ಆಗ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಅಪ್ಪ ಚಹಾ ಕೊಟ್ಟರು, ಇವರು ಕುಡಿದರು. ಅಂಗಿಗೆಂದು ಒಳ್ಳೆಯ ಬಟ್ಟೆ ಕೊಟ್ಟರು, ಇವರು ಮಡಿಚಿ ಹಿಂದಕ್ಕೆ ಕೊಟ್ಟರು.

“ಕೆಲಸಗಾರರು ಎಷ್ಟು ಜನ, ಹಾಜಿಯವರೇ?”

“ಒಬ್ಬರೂ ಇಲ್ಲ ಸ್ವಾಮಿ. ಎಲ್ಲಾ ನಮ್ಮ ತಂಗಿಯಂದಿರು.”

“ಹತ್ತೊಂಬತ್ತು ತಂಗಿಯಂದಿರಾ? ನಿಮ್ಮ ತಾಯಿಗೆ ದೊಡ್ಡ ನಮಸ್ಕಾರ!”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಧಿಕಾರಿ ತರ್ಮಿನಾ ಅವರತ್ತ ತಿರುಗಿದರು. ತರ್ಮಿನಾ ತಲೆ ಎತ್ತದೆ ಹೇಳಿದರು, “ಹೌದು ಸ್ವಾಮಿ, ಅಣ್ಣನ ಮನೆ. ಬೇಜಾರು ಕಳೆಯೋಕೆ ಬಂದು ಕೂತಿರ್ತೀನಿ.”

ತನಿಖೆಯ ಸುಳಿವು ಸಿಕ್ಕಿ, ಹಾಗೆ ಹೇಳಬೇಕೆಂದು ಹಿಂದಿನ ದಿನ ಅವರಿಗೆ ಕಲಿಸಿಕೊಟ್ಟವಳು ನಾನು. ಇದನ್ನು ಪಟ್ಟಿಯಲ್ಲಿ ಬರೆದಿಲ್ಲ. ಬರೆದಿದ್ದರೆ ನನ್ನ ಮಗಳು ಆ ಸಾಲನ್ನು ಹೊಡೆದುಹಾಕುತ್ತಿದ್ದಳು.

ಅದಾದ ಹತ್ತನೆಯ ದಿನ ಒಲೆಯ ಕಾಲು ಮುರಿದು ಕುದಿಯುವ ಮೇಣದ ಬಾಣಲೆ ತರ್ಮಿನಾ ಅವರ ಬಲಗೈ ಮೇಲೆ ಮಗುಚಿತು. ಸೈಕಲ್ ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದೆ. ದಾದಿ ಕಾಗದ ಹಿಡಿದು ಕೇಳಿದಳು, “ಎಲ್ಲಿ ಕೆಲಸ ಮಾಡ್ತೀರಾ ಅಮ್ಮ? ಕೆಲಸದ ಜಾಗದಲ್ಲಿ ಆಗಿದ್ದಾ?”

ನೋವಿನಲ್ಲಿ ತುಟಿ ಕಚ್ಚಿಕೊಂಡಿದ್ದರೂ ತರ್ಮಿನಾ ಹೇಳಿದರು, “ಇಲ್ಲಮ್ಮ. ಅಣ್ಣನ ಮನೇಲಿ. ಅಡುಗೆ ಮಾಡೋವಾಗ.”

ನಾನು ಪಕ್ಕದಲ್ಲೇ ನಿಂತಿದ್ದೆ, ಸಭಿಕರೇ. ಬಾಯಿ ತೆರೆಯಲಿಲ್ಲ. ಆಕೆ ನಮ್ಮನ್ನು ಕಾಪಾಡುತ್ತಿದ್ದರು, ನಾನು ಕಾಪಾಡಿಸಿಕೊಳ್ಳುತ್ತಿದ್ದೆ.

ನಾಲ್ಕನೆಯ ದಿನ ಯಾರಿಗೂ ಹೇಳದೆ ಕಾರ್ಮಿಕ ಕಚೇರಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಈ ವಿರ್ಯೊನೊ ಅವರು ಬಯ್ಯುತ್ತಾರೆಂದು ಕಾದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವತ್ತೇ ಗೊತ್ತಿತ್ತು ಕಣಮ್ಮ ನಂಗೆ. ಮುಂದಿನ ವಾರ ಬಂದು ಸರಿಯಾಗಿ ವಿಚಾರಿಸೋಣ ಅಂದ್ಕೊಂಡೆ. ಇದ್ರಲ್ಲಿ ನಂದೂ ತಪ್ಪಿದೆ.” ಕ್ಷಮಿಸಿ ಸಾರ್, ನಿಮ್ಮನ್ನು ಕೇಳದೆ ಇದನ್ನು ಹೇಳಿಬಿಟ್ಟೆ. ಅಂದಿನಿಂದ ನೀವು ಯಾರಿಗೂ ‘ಮುಂದಿನ ವಾರ’ ಎಂದು ಗಡುವು ಕೊಡಲಿಲ್ಲವಲ್ಲ, ಅದಕ್ಕೆ ನಿಮ್ಮನ್ನು ಬೈದವರೆಲ್ಲ ಇಲ್ಲೇ ಕೂತಿದ್ದಾರೆ. ನಾನೂ ಬೈದಿದ್ದೇನೆ.

ಅಪಘಾತವಾದ ಮೇಲೆ ಹೆಸರು ಸೇರಿಸಿದರೆ ಆ ಅಪಘಾತಕ್ಕೆ ವಿಮೆ ಬರುವುದಿಲ್ಲ ಎಂದು ಅವರೇ ತಿಳಿಸಿದರು. ಚಿಕಿತ್ಸೆಯೂ, ಮನೆಯಲ್ಲಿದ್ದಷ್ಟು ದಿನದ ಸಂಬಳವೂ ಮಾಲೀಕನ ತಲೆಯ ಮೇಲೆಯೇ. ಮನೆಗೆ ಬಂದು ಹೇಳಿದೆ. ಅಪ್ಪ ಕಿಡಿಕಿಡಿಯಾದರು. “ಮನೆ ವಿಷಯ ಕಚೇರಿಗೆ ಒಯ್ದ್ಯಾ?”

“ಇದು ಮನೆ ಆಗಿದ್ರೆ, ಸುಟ್ಟ ಕೈ ಹಿಡ್ಕೊಂಡು ಸುಳ್ಳು ಹೇಳೋ ಗತಿ ಅವ್ರಿಗೆ ಯಾಕೆ ಬರ್ತಿತ್ತು ಅಪ್ಪಾ?”

ಒಂದು ವಾರದ ಮೇಲೆ ಅಪ್ಪ ಹೊಸ ಅಂಗಡಿಗೆಂದು ಇಟ್ಟುಕೊಂಡಿದ್ದ ಜಾಗವನ್ನು ಆ ಖರ್ಚಿಗಾಗಿ ಮಾರಿದರು. ಕೈಯ ಕಟ್ಟು ಬಿಚ್ಚುವವರೆಗೂ ಪ್ರತಿ ಶನಿವಾರ ತಾವೇ ತರ್ಮಿನಾ ಅವರ ಮನೆಗೆ ನಡೆದು ಹೋಗಿಬಂದರು. ಕೊನೆಗೊಂದು ದಿನ ಅಂಗಳದಲ್ಲಿ ಮೇಜು ಹಾಕಿಸಿ ವಿರ್ಯೊನೊ ಅವರನ್ನು ಕರೆಸಿದರು. ಮೊದಲ ಹೆಸರು ತರ್ಮಿನಾ ಅವರದು. ಹೆಸರು ಬರೆದಾಯಿತು, ವಿಳಾಸ ಬರೆದಾಯಿತು. “ಕೆಲಸ?” ಎಂದರು ಅಧಿಕಾರಿ.

“ಬಾಟಿಕ್ ಬರೆಯೋಳು,” ಎಂದರು ಅಪ್ಪ.

ತರ್ಮಿನಾ ಮಡಚಲಾಗದ ಬೆರಳುಗಳನ್ನು ಎತ್ತಿ ತೋರಿಸಿದರು. “ಇನ್ನೆಲ್ಲಿ ಬರೆಯೋದು, ಅಣ್ಣಾ?”

ರೇಡಿಯೊವನ್ನು ಯಾರೋ ಆರಿಸಿದರು. ಅಪ್ಪ ಆ ಕೈಯನ್ನು ನೋಡಿದರು. ಅಧಿಕಾರಿಯತ್ತ ತಿರುಗಿ, “ಕಲಿಸೋಳು ಅಂತ ಬರ್ಕೊಳ್ಳಿ ಸ್ವಾಮಿ,” ಎಂದರು.

“ಹಂಗಾದ್ರೆ ಇನ್ಮೇಲೆ ನಾನು ನಿಮ್ಮ ತಂಗಿ ಅಲ್ವಾ?”

“ತಂಗಿನೇ ಕಣೇ. ಆದ್ರೆ ತಂಗಿಗೆ ಇಪ್ಪತ್ತೆರಡು ವರ್ಷ ಒಂದೂ ರಜೆ ಕೊಡ್ಲಿಲ್ಲ ನೋಡು ನಾನು. ಕಲಿಸೋಳಿಗೆ ಕೊಡ್ಲೇಬೇಕಂತೆ.”

ಎಲ್ಲರೂ ನಕ್ಕರು. ಅಪ್ಪ ಮಾತ್ರ ಎದ್ದು ಒಳಗೆ ಹೋದರು.

ತರ್ಮಿನಾ ಮುಂದೆ ಹದಿನೆಂಟು ವರ್ಷ ಕಲಿಸಿದರು. ಏಳು ವರ್ಷದ ಹಿಂದೆ ತೀರಿಕೊಂಡರು. ಆಸ್ಪತ್ರೆಯ ಆ ದಿನವನ್ನು ಒಮ್ಮೆಯೂ ಎತ್ತಿ ಆಡಲಿಲ್ಲ; ಕ್ಷಮೆ ಕೇಳುವ ಧೈರ್ಯ ನನಗೂ ಬರಲಿಲ್ಲ. ಆದರೆ ಹೊಸದಾಗಿ ಯಾವ ಹೆಂಗಸು ಕೆಲಸಕ್ಕೆ ಬಂದರೂ ಎಡಗೈಯಲ್ಲಿ ಅವಳ ಮುಂಗೈ ಹಿಡಿದು ನನ್ನ ಮೇಜಿನ ಮುಂದೆ ತಂದು ನಿಲ್ಲಿಸುತ್ತಿದ್ದರು. “ಮುಸ್ಲಿಹಾ, ಮೊದ್ಲು ಇವಳ ಹೆಸರು ಬರಿ. ಆಮೇಲೆ ಮೇಣ ಮುಟ್ಲಿ.” ನಾನು ಬರೆದು ಮುಗಿಸುವವರೆಗೆ ಅಲ್ಲೇ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದರು. ನಲವತ್ತೊಂದು ಸಲ ಹಾಗೆ ನಿಂತಿದ್ದಾರೆ, ನಲವತ್ತೊಂದು ಸಲವೂ ನಾನು ಮೊದಲು ಹೆಸರು ಬರೆದಿದ್ದೇನೆ.

ಹತ್ತು ನಿಮಿಷ ಮೀರಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಹೊಸ ಮಾಲೀಕರು ಒಂದೊಂದು ಪ್ರತಿ ಮಾಡಿಸಿಕೊಳ್ಳಿ. ವಿರ್ಯೊನೊ ಅವರಿಗೆ ನೆಮ್ಮದಿಯ ದಿನಗಳು ಸಿಗಲಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ಕೇಳಿಸಿಕೊಳ್ಳಲು ಇಂದು ಇಲ್ಲಿ ಇಲ್ಲದ ತರ್ಮಿನಾ ಅವರಿಗೂ ನನ್ನ ವಂದನೆಗಳು. ನಮಸ್ಕಾರ.